ಶವರ್ ಒಳಗಿಡಬೇಡಿ, ಮರಳು ಬಿಡುವುದಿಲ್ಲ

ಸರ್, ನೀವು ಹಾಕಿರುವ ಬೀಚ್ ಕಟ್ಟಡದ ಪ್ಲಾನ್ ನೋಡಿದೆ. ಕೆಳಗೆ ಶೌಚಾಲಯ, ಮೇಲೆ ಲೈಫ್‌ಗಾರ್ಡ್ ರೂಮು, ಸಮುದ್ರದ ಕಡೆ ಪೂರ್ತಿ ಗಾಜು. ಎಲಿವೇಶನ್, ಅಂದರೆ ಹೊರನೋಟದ ಬಗ್ಗೆ ತಕರಾರಿಲ್ಲ. ಆದರೆ ಶವರ್‌ಗಳನ್ನು ಒಳಗೆ, ಟಾಯ್ಲೆಟ್‌ಗಳಿಗೂ ಆಚೆ ತಳ್ಳಿದ್ದೀರಲ್ಲ, ನಾವೂ ಒಂದು ಕಡೆ ಇದನ್ನೇ ಮಾಡಿ ಅನುಭವಿಸಿದ್ದೇವೆ.

ಮೈಗೆ ಅಂಟಿದ ಮರಳೆಲ್ಲ ಒಳಗೇ ಉದುರಿ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ಜಾಲರಿಯಡಿ ನೀರು ನಿಲ್ಲುವ ಬಾಗಿದ ಭಾಗ) ತಳದಲ್ಲಿ ಕೂರುತ್ತದೆ. ಮೇಲಿನ ಜಾಲರಿ ನೋಡಿದರೆ ಕ್ಲೀನ್. ನಮ್ಮಲ್ಲಿ ನೀರು ಹಿಂದಕ್ಕೆ ಉಕ್ಕಿ ಟಾಯ್ಲೆಟ್ ಬಾಗಿಲಡಿ ಹರಿದ ಮೇಲೆ ಟೈಲ್ಸ್ ಒಡೆಸಿದೆವು: ಪೈಪ್ ತಿರುಗುವ ಬೆಂಡಿನಲ್ಲಿ ಮರಳು, ಕೂದಲು, ಸೋಪು ಎಲ್ಲ ಸೇರಿ ಒಂದೇ ಗಡ್ಡೆ. ರಾಡ್ ಹಾಕಿ ತಳ್ಳಿದರೆ ಅದು ಮುಂದಿನ ಬೆಂಡಿಗೆ ಹೋಗಿ ಕೂರುತ್ತದೆ, ಅಷ್ಟೇ.

ಈಗ ನಾವು ಶವರನ್ನೂ ಕಾಲು ತೊಳೆಯುವ ನಲ್ಲಿಯನ್ನೂ ಹೊರಗೇ ಇಡುತ್ತೇವೆ, ಅದನ್ನು ದಾಟದೆ ಯಾರೂ ಒಳಗೆ ಹೋಗಲಾಗದ ಹಾಗೆ. ನೆಲಕ್ಕೆ 1:50 ಇಳಿಜಾರು, ಜಾಲರಿ ಮುಚ್ಚಿದ ಚಾನೆಲ್, ಅಲ್ಲಿಂದ ಎರಡು ಕೋಣೆಯ ಮರಳು ಗುಂಡಿ. ಹೊರಹೋಗುವ ಪೈಪಿಗಿಂತ ಗುಂಡಿಯ ತಳ 450 ಮಿ.ಮೀ. ಆದರೂ ಕೆಳಗಿರಲಿ. ಮೊದಲ ಕೋಣೆಯಲ್ಲಿ ಹಿಡಿಕೆ ಇರುವ ಬುಟ್ಟಿ. ಬುಟ್ಟಿ ಚಿಕ್ಕದೇ ಇರಲಿ. ದೊಡ್ಡದು ಮಾಡಿಸಿದರೆ ಒದ್ದೆ ಮರಳು ತುಂಬಿದ ಮೇಲೆ ಒಬ್ಬರ ಕೈಲಿ ಏಳುವುದಿಲ್ಲ, ಆಮೇಲೆ ಯಾರೂ ಮುಟ್ಟುವುದೂ ಇಲ್ಲ. ಮುಚ್ಚಳಕ್ಕೆ ಎರಕದ ಕಬ್ಬಿಣ ಬೇಡ, ತುಕ್ಕು ಹಿಡಿದು ಫ್ರೇಮಿಗೇ ಕಚ್ಚಿಕೊಳ್ಳುತ್ತದೆ. ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಜಾಲರಿ ಸಾಕು, ಆದರೆ ಬಿಸಿಲು ತಡೆಯುವ ಕೋಟಿಂಗ್ ಇಲ್ಲದ್ದು ತಗೊಂಡರೆ ನಾರು ಎದ್ದು ಬರಿಗಾಲಿಗೆ ಚುಚ್ಚುತ್ತದೆ. ಸಂದು 12 ಮಿ.ಮೀ. ಮೀರಬಾರದು, ವೀಲ್‌ಚೇರಿನ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ. ಅಂದಹಾಗೆ ಈ ಲೈನನ್ನು ಟಾಯ್ಲೆಟ್ ಲೈನಿಗೆ ಸೇರಿಸಬೇಡಿ. ಹಾಗಂತ ಸೋಪಿನ ನೀರನ್ನು ಮರಳಿನ ಮೇಲೆ ಬಿಡುವುದೂ ಸರಿಯಲ್ಲ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು ಗೋಡೆಗೆ ಕಾರ್ಟೆನ್ ಶೀಟ್ (ಮೇಲಿನ ತುಕ್ಕಿನ ಪದರವೇ ಒಳಗಿನ ಲೋಹವನ್ನು ಕಾಯುವಂಥ ಉಕ್ಕು) ಹಾಕಿ ಎಂದಿದ್ದಾರೆ. ದಯವಿಟ್ಟು ಬೇಡ. ಉಪ್ಪುಗಾಳಿಯಲ್ಲಿ ಅದರ ತುಕ್ಕಿನ ಪದರ ಗಟ್ಟಿಯಾಗಿ ನಿಲ್ಲುವುದೇ ಇಲ್ಲ, ತಿನ್ನುತ್ತಾ ಹೋಗುತ್ತದೆ. ಫೋಟೋ ನೋಡಿ ಸಲಹೆ ಕೊಟ್ಟರೆ ಹೀಗೇ. ಸ್ಟೇನ್‌ಲೆಸ್ ಸ್ಟೀಲಿಗೂ ಯಾವ ಕಂಪನಿ ಎಂದು ಕೇಳುವುದು ಬಿಟ್ಟು ಗ್ರೇಡ್ ಕೇಳಿ. 304 ಬೇಡ, 316 ಹಾಕಿ. ಅದಕ್ಕೂ ಸಿಹಿನೀರಿನ ತೊಳೆತ ಬೇಕು, ಮಳೆ ತಾಗದ ಚಾವಣಿಯಡಿ ಕಂದು ಕಲೆ ಬೇಗ ಬರುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಸ್ಟೀಲ್ ಸ್ಕ್ರೂ ಹಾಕುವುದಾದರೆ ನಡುವೆ ನೈಲಾನ್ ವಾಶರ್ ಇರಲೇಬೇಕು. ಸೆನ್ಸರ್ ಇರುವ ನಲ್ಲಿಗಳು ನನಗೆ ಇಷ್ಟವಿಲ್ಲ, ಇಂಥ ಜಾಗದಲ್ಲಂತೂ ಬೇಡವೇ ಬೇಡ.

ಇನ್ನು ಲೈಫ್‌ಗಾರ್ಡ್ ಮೆಟ್ಟಿಲು. ಶೌಚಾಲಯದ ಕ್ಯೂ ನಿಲ್ಲುವ ಪ್ಯಾಸೇಜಿನಿಂದಲೇ ಇಳಿಸಿದ್ದೀರಿ. ಯಾರೋ ಮುಳುಗುತ್ತಿರುವಾಗ ಲೈಫ್‌ಗಾರ್ಡ್‌ಗಳು ಟವೆಲ್ ಹಿಡಿದವರನ್ನೆಲ್ಲ ಸರಿಸಿಕೊಂಡು ಓಡಬೇಕೇ? ಮೆಟ್ಟಿಲು ಹೊರಗಿನಿಂದ ನೇರ ಮರಳಿಗೆ ಇಳಿಯಲಿ, ರೆಸ್ಕ್ಯೂ ಬೋರ್ಡ್ ಕೆಳಗೇ ಇರಲಿ. ಗಾಜಿನ ಮೇಲಂಚನ್ನು ಹೊರಕ್ಕೆ ವಾಲಿಸಿ, ಏರ್‌ಪೋರ್ಟ್ ಕಂಟ್ರೋಲ್ ಟವರಿನಂತೆ, ಇಲ್ಲದಿದ್ದರೆ ಸಮುದ್ರದ ಬದಲು ರೂಮಿನ ಪ್ರತಿಬಿಂಬವೇ ಕಾಣುತ್ತದೆ. ಕೂಗು ಕೇಳಬೇಕು, ಹಾಗಾಗಿ ತೆರೆಯುವ ಕಿಟಕಿಯೂ ಬೇಕು. ಪ್ರಥಮ ಚಿಕಿತ್ಸೆ ರೂಮಿನ ಒಂದು ಬಾಗಿಲು ರಸ್ತೆ ಕಡೆ ಇಡಿ, ಸ್ಟ್ರೆಚರ್ ತಿರುಗುವಷ್ಟು ಜಾಗ ಬಿಟ್ಟು. ದಡ ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ, ಈ ಒಂದು ರೂಮನ್ನೇ ನಂಬದೆ ನೀರಿನ ಹತ್ತಿರ ಎಳೆದೊಯ್ಯುವಂಥ ಒಂದು ಟವರನ್ನೂ ಎಸ್ಟಿಮೇಟಿಗೆ ಸೇರಿಸಿ.

ಸೆಪ್ಟಿಕ್ ಟ್ಯಾಂಕ್ ಎಲ್ಲಿ ಎಂದು ಪ್ಲಾನಿನಲ್ಲಿ ಕಾಣಲಿಲ್ಲ. ಅಂತರ್ಜಲ ಮೇಲಿದ್ದರೆ ಖಾಲಿ ಮಾಡಿಸಿದ ದಿನ ಟ್ಯಾಂಕೇ ತೇಲಿ ಮೇಲೆದ್ದು ಪೈಪ್ ಮುರಿಯುತ್ತದೆ, ಅಡಿಯ ಸ್ಲ್ಯಾಬನ್ನು ಗೋಡೆಯಿಂದಾಚೆ ಚಾಚಿ ಮೇಲೆ ಮಣ್ಣಿನ ಭಾರ ಹೇರಬೇಕು. ಇನ್ವರ್ಟ್ ಲೆವೆಲ್ (ಪೈಪಿನ ಒಳತಳದ ಮಟ್ಟ) ಸಮೇತ ಸೆಕ್ಷನ್, ಅಂದರೆ ಅಡ್ಡ ಸೀಳಿದ ನಕ್ಷೆ ಹಾಕಿ, ನೋಡಿ ಹೇಳುತ್ತೇನೆ.