ಪ್ರಮಾಣ ಮಾಡಿದ್ದು ಅವರೊಬ್ಬರೇ ಅಲ್ಲ

ಇದು ಆಪ್ತಸಲಹೆಗೆ ನನ್ನ ಹತ್ತಿರ ಬಂದ ಪಾದ್ರಿಯೊಬ್ಬರ ಪ್ರಕರಣ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಊರಿನ ಹೆಸರು, ಚರ್ಚಿನ ಹೆಸರು ಹಾಕಿಲ್ಲ. ಸುಳ್ಳು ಹೆಸರೊಂದನ್ನು ಇಡುವುದೂ ಬೇಡ ಅನ್ನಿಸಿತು, ‘ಇವರು’ ಅಂತಲೇ ಬರೆಯುತ್ತೇನೆ.

ಇವರು ನಲವತ್ತು ದಾಟಿದ ಹೆಣ್ಣುಮಗಳು. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿ. ಹುಟ್ಟಿ ಬೆಳೆದದ್ದು ಕರ್ನಾಟಕದಲ್ಲಿ, ತಂದೆ ಸಿಎಸ್‌ಐ ಸಭಾಪಾಲಕರಾಗಿದ್ದವರು. ಸಿಎಸ್‌ಐ ಅಂದರೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಒಟ್ಟುಗೂಡಿ ಆದ ದಕ್ಷಿಣ ಭಾರತ ಸಭೆ. ಅದೂ ಎಪಿಸ್ಕೋಪಲ್ ಚರ್ಚೂ ಇಂಗ್ಲೆಂಡಿನ ಚರ್ಚಿನ ಪರಂಪರೆಯ ಆಂಗ್ಲಿಕನ್ ಕಮ್ಯುನಿಯನ್ ಎಂಬ ಒಂದೇ ಬಳಗಕ್ಕೆ ಸೇರಿದವು. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದಾಗ ಇಲ್ಲಿನ ಆರಾಧನೆ ಇವರಿಗೆ ಹೊಸದು ಅನ್ನಿಸಲಿಲ್ಲ. ಕೆಲವು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಆಮೇಲೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ, ಆಮೇಲೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್, ಆಮೇಲೆ ಪಾದ್ರಿ. ಗಂಡ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಶಾಲೆಗೆ ಹೋಗುವ ಒಬ್ಬಳು ಮಗಳು.

ನನ್ನ ಹತ್ತಿರ ಬಂದಿದ್ದು ಈಸ್ಟರ್ ಮುಗಿದ ಮೇಲೆ. ‘ಮೇಡಂ, ಕನ್ನಡದವರು ಬೇಕು ಅಂತ ಹುಡುಕಿ ಬಂದೆ. ಇಂಗ್ಲಿಷ್‌ನಲ್ಲಿ ಕೂತರೆ ನಾನು ಪಾದ್ರಿಯಾಗಿಯೇ ಮಾತಾಡಿಬಿಡ್ತೀನಿ’ ಅಂದರು. ನಾನು ಕ್ರೈಸ್ತಳಲ್ಲ. ಅದನ್ನು ಮೊದಲೇ ಹೇಳಿದೆ. ‘ಅದೇ ಒಳ್ಳೇದು’ ಅಂದರು.

ತೊಂದರೆ ಏನೆಂದರೆ ನಿದ್ದೆ ಇಲ್ಲ. ಫೋನ್ ದಿಂಬಿನ ಪಕ್ಕದಲ್ಲೇ ಇರಬೇಕು, ಅದೂ ದೊಡ್ಡ ಸದ್ದಿನಲ್ಲಿ. ರಾತ್ರಿ ಯಾವುದೋ ಜಾಹೀರಾತಿನ ಮೆಸೇಜ್ ಬಂದರೂ ಎದೆ ಧಸಕ್ಕೆನ್ನುತ್ತದೆ. ಮಗಳು ಹೋಂವರ್ಕ್ ಬಗ್ಗೆ ಏನೋ ಕೇಳಿದರೆ ರೇಗುತ್ತಾರೆ, ಆಮೇಲೆ ಬಚ್ಚಲಮನೆಗೆ ಹೋಗಿ ಅಳುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಕರ್ತನ ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ಪ್ರಸಾದ, ಕೊಡಲು ಹೋದಾಗ, ರೊಟ್ಟಿ ದ್ರಾಕ್ಷಾರಸದ ಆ ಪುಟ್ಟ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲೇ ತುಂಬಾ ಹೊತ್ತು ಕೂತುಬಿಡುತ್ತಾರೆ. ಒಳಗೆ ಹೋದ ಮೇಲೆ ಎಲ್ಲ ಸರಿ. ಆ ಬಾಗಿಲು ತಟ್ಟುವುದೇ ಕಷ್ಟ.

ಇಂಥ ಕಡೆ ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ‘ಇಲ್ಲ, ಆದರೆ ಕಾಯಿಲೆ ಬಿದ್ದರೆ ಚೆನ್ನಾಗಿತ್ತು ಅನ್ನಿಸಿದೆ’ ಅಂದರು. ಈ ಮಾತನ್ನು ಡಾಕ್ಟರುಗಳ ಬಾಯಲ್ಲಿ, ಟೀಚರುಗಳ ಬಾಯಲ್ಲಿ, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಸೊಸೆಯಂದಿರ ಬಾಯಲ್ಲಿ ಕೇಳಿದ್ದೇನೆ. ರಜೆ ಕೇಳುವ ಹಕ್ಕು ತನಗಿಲ್ಲ ಅಂತ ನಂಬಿದವರು ಹೇಳುವ ಮಾತು ಇದು. ಮೊದಲು ಅವರ ಡಾಕ್ಟರ ಹತ್ತಿರ ಕಳಿಸಿದೆ, ನಿದ್ದೆಗೂ ಖಿನ್ನತೆಯ ತಪಾಸಣೆಗೂ. ಉಳಿದದ್ದು ಆಮೇಲೆ.

ಇದು ಶುರುವಾಗಿದ್ದು ಒಂದು ಸಾವಿನಿಂದ. ಸಭೆಯ ಹಿರಿಯರೊಬ್ಬರಿಗೆ ಕಾಯಿಲೆ ಜೋರಾಗಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರದ ದಿನ ಅವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬಂದಿದ್ದರು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಿಡಿದ ತಾಳೆಗರಿಗಳನ್ನು ಸುಟ್ಟ ಬೂದಿ. ಇವರೇ ಹೆಬ್ಬೆರಳಿನಿಂದ ಅವರ ಹಣೆಗೆ ಶಿಲುಬೆ ಗುರುತು ಹಚ್ಚಿ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬ ಮಾತು ಹೇಳಿದ್ದರು. ಆ ಅಜ್ಜ ಕಣ್ಣು ಬಿಟ್ಟು ನೋಡಿ ನಕ್ಕರಂತೆ. ಕೆಲವು ವಾರ ಕಳೆದು ಒಂದು ಸಂಜೆ ಮಗಳ ಶಾಲೆಯಲ್ಲಿ ಸಂಗೀತ ಕಾರ್ಯಕ್ರಮ ಇತ್ತು. ಫೋನ್ ಸೈಲೆಂಟ್ ಮಾಡಿ ಬ್ಯಾಗಿನಲ್ಲಿಟ್ಟಿದ್ದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂದಿದೆ. ನೋಡಿಕೊಂಡು ಓಡಿ ಹೋಗುವಷ್ಟರಲ್ಲಿ ಅಜ್ಜ ಹೋಗಿಬಿಟ್ಟಿದ್ದರು. ಮಗ ಜಗಳ ಮಾಡಲಿಲ್ಲ. ‘ಅಪ್ಪ ನಿಮ್ಮನ್ನು ಕೇಳ್ತಾ ಇದ್ದರು’ ಅಂತ ಮಾತ್ರ ಹೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅಂತ ಇವರು ಎಷ್ಟು ಸಲ ಹೇಳಿದರೋ.

ಆವತ್ತಿನಿಂದ ಫೋನ್ ಸೈಲೆಂಟ್ ಆಗಿಲ್ಲ.

ಬರೀ ಇದಿಷ್ಟೇ ಆಗಿದ್ದರೆ ದುಃಖ ಅಂತ ತಿಳಿದು ಅದರ ಕಡೆ ಕೆಲಸ ಮಾಡಬಹುದಿತ್ತು. ಆದರೆ ಇವರ ಮನಸ್ಸಿನಲ್ಲಿ ಒಬ್ಬ ‘ಸರಿಯಾದ ಪಾದ್ರಿ’ ಕೂತಿದ್ದರು, ಅದು ಅವರ ಅಪ್ಪ. ಅಪ್ಪನ ಮನೆ ಬಾಗಿಲು ಯಾವತ್ತೂ ಹಾಕುತ್ತಿರಲಿಲ್ಲವಂತೆ. ಮಧ್ಯರಾತ್ರಿ ಯಾರೇ ‘ಅಯ್ಯನವರೇ’ ಅಂತ ಕೂಗಿದರೂ ಟಾರ್ಚ್ ಹಿಡಿದು ಹೊರಡುತ್ತಿದ್ದರು. ಒಮ್ಮೆಯೂ ಬೇಸರ ಮಾಡಿಕೊಂಡಿದ್ದು ನೋಡಿಲ್ಲ. ನಾನು ಕೇಳಿದೆ, ‘ಅವರು ಹೊರಟ ಮೇಲೆ ಮನೆಯಲ್ಲಿ ಯಾರು ಎಚ್ಚರ ಇರ್ತಿದ್ದರು?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನ ಬಗ್ಗೆ ಮಾತು ಬಂತು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ ಎಲ್ಲ ಗೊತ್ತಿದ್ದದ್ದು ಅಮ್ಮನಿಗೆ. ಬಂದವರಿಗೆ ಕಾಫಿ ಕೊಟ್ಟು, ಅತ್ತವರನ್ನು ಸಮಾಧಾನ ಮಾಡಿ, ಭಾನುವಾರ ಶಾಲೆ ನಡೆಸಿ, ಮಕ್ಕಳಿಗೆ ಜ್ವರ ಬಂದರೆ ಒಬ್ಬರೇ ಆಸ್ಪತ್ರೆಗೆ ಓಡುತ್ತಿದ್ದದ್ದು ಅಮ್ಮ. ಸಂಬಳ ಇಲ್ಲ, ಹುದ್ದೆ ಇಲ್ಲ. ಅಪ್ಪನದು ಅಂತ ಇವರು ತಿಳಿದಿದ್ದ ಸೇವೆ ಇಬ್ಬರು ಸೇರಿ ಮಾಡಿದ್ದು. ಈಗ ಆ ಇಬ್ಬರ ಕೆಲಸವನ್ನೂ ಇವರೊಬ್ಬರೇ ಮಾಡಬೇಕು ಅಂತ ಹೊರಟಿದ್ದಾರೆ, ಅದೂ ಅರ್ಧ ಹೊತ್ತಿನ ಹುದ್ದೆಯಲ್ಲಿ.

ಹೌದು, ಅರ್ಧ ಹೊತ್ತಿನ ಹುದ್ದೆ. ಇದನ್ನು ನಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪನಿಗೆ ಸಂಬಳ, ವರ್ಗಾವಣೆ ಎರಡೂ ಡಯಾಸಿಸ್‌ನಿಂದ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಪ್ರಾಂತದಿಂದ, ಬರುತ್ತಿತ್ತು. ಇಲ್ಲಿ ಹಾಗಲ್ಲ. ಬಿಷಪ್ ಒಪ್ಪಿಗೆ ಬೇಕು ನಿಜ, ಆದರೆ ಪಾದ್ರಿಯನ್ನು ಆರಿಸಿ ಸಂಬಳ ಕೊಡುವುದು ಆಯಾ ಪ್ಯಾರಿಷ್, ಅಂದರೆ ಆ ಊರಿನ ಸಭೆ. ಅದನ್ನು ನಡೆಸುವುದು ವೆಸ್ಟ್ರಿ ಎಂಬ ಚುನಾಯಿತ ಸಮಿತಿ, ಅದರಲ್ಲಿ ವಾರ್ಡನ್‌ಗಳು ಮುಖ್ಯ. ಹಣ ಬರುವುದು ಮುಖ್ಯವಾಗಿ ಸಭೆಯ ಮನೆಗಳಿಂದ. ಮುಂದಿನ ವರ್ಷ ಇಷ್ಟು ಕೊಡುತ್ತೇವೆ ಅಂತ ಸಾಮಾನ್ಯವಾಗಿ ಚಳಿಗಾಲಕ್ಕೆ ಮುಂಚೆಯೇ ಬರೆದುಕೊಡುತ್ತಾರೆ. ಸಣ್ಣ ಪ್ಯಾರಿಷ್‌ಗಳಲ್ಲಿ ಎಷ್ಟೋ ಕಡೆ ಪೂರ್ತಿ ಸಂಬಳ ಕೊಡಲು ಆಗುವುದಿಲ್ಲ, ಹಾಗಾಗಿ ಅರ್ಧ ಹುದ್ದೆಯ ಒಪ್ಪಂದಪತ್ರ. ಇವರ ಪತ್ರದಲ್ಲೂ ಹಾಗೇ ಇತ್ತು. ಇದರಿಂದ ಇವರಿಗೆ ಏನಾಗಿತ್ತು ಅಂದರೆ, ಯಾರಾದರೂ ಮುಖ ಸಣ್ಣದು ಮಾಡಿಕೊಂಡರೆ ಅವರ ದುಃಖದ ಜೊತೆಗೆ ವೆಸ್ಟ್ರಿಯ ಬಜೆಟ್ಟೂ ಕಣ್ಣ ಮುಂದೆ ಬರುತ್ತಿತ್ತು. ಹಾಗೆ ಬರುತ್ತದಲ್ಲ ಅನ್ನುವುದಕ್ಕೇ ಮತ್ತೆ ತಪ್ಪಿತಸ್ಥ ಭಾವ.

ಇನ್ನೊಂದು ಭಾರವೂ ಇತ್ತು. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ ಇದೇ ಎಪಿಸ್ಕೋಪಲ್ ಚರ್ಚಿನ 11 ಮಹಿಳೆಯರು, ಚರ್ಚಿನ ನಿಯಮದಲ್ಲಿ ಅವಕಾಶ ಇಲ್ಲದಿದ್ದರೂ, ಪಾದ್ರಿಗಳಾಗಿ ದೀಕ್ಷೆ ಪಡೆದರು. ದೊಡ್ಡ ಗಲಾಟೆಯಾಯಿತು. 1976ರಲ್ಲಿ ಚರ್ಚಿನ ಮಹಾಸಭೆ ಹೆಂಗಸರಿಗೂ ಆ ದಾರಿ ತೆರೆಯಿತು. ‘ಅವರು ಅಷ್ಟು ಅವಮಾನ ತಿಂದು ಕೊಟ್ಟ ಜಾಗ ಮೇಡಂ. ಸುಸ್ತಾಗಿದೆ ಅಂತ ಹೇಳೋಕೆ ನಾನ್ಯಾರು?’ ಅಂದರು. ಆ ಹನ್ನೊಂದು ಜನ ಪಾದ್ರಿಯಾಗುವ ಹಕ್ಕು ಕೇಳಿದರೇ ಹೊರತು ನಿದ್ದೆ ಮಾಡದಿರುವ ಹಕ್ಕನ್ನಲ್ಲ, ಅಲ್ವಾ ಅಂದೆ. ಆವತ್ತು ಮೊದಲ ಸಲ ನಕ್ಕರು.

ಸಲಹೆಗೆ ನಿಜವಾಗಿ ದಾರಿಯಾದದ್ದು ಒಂದು ಪುಸ್ತಕ. ‘ನಾನು ದೇವರ ಮುಂದೆ ಪ್ರಮಾಣ ಮಾಡಿದ್ದೇನೆ’ ಅಂತ ಮಾತು ಮಾತಿಗೂ ಹೇಳುತ್ತಿದ್ದರು. ಏನು ಪ್ರಮಾಣ ಅಂತ ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಆ ಪುಸ್ತಕ ತನ್ನಿ, ಇಬ್ಬರೂ ಕೂತು ಓದೋಣ ಅಂದೆ. ತಂದರು. ಈ ಚರ್ಚಿನ ಆರಾಧನೆಗಳೆಲ್ಲ ಇರುವ 1979ರ ಬುಕ್ ಆಫ್ ಕಾಮನ್ ಪ್ರೇಯರ್, ಬೆನ್ನು ಕಿತ್ತುಹೋದ ಕೆಂಪು ಪ್ರತಿ.

ಪಾದ್ರಿಯ ದೀಕ್ಷೆಯ ಭಾಗ ತೆಗೆದು ನಿಧಾನವಾಗಿ ಓದಿದೆವು. ಎಳೆಯರು ಮುದುಕರು, ಬಲವಿದ್ದವರು ಇಲ್ಲದವರು, ಬಡವರು ಶ್ರೀಮಂತರು ಎನ್ನದೆ ಎಲ್ಲರನ್ನೂ ನೋಡಿಕೊಳ್ಳಬೇಕು ಅಂತಿದೆ. ಇದು ಇವರಿಗೆ ಬಾಯಿಪಾಠ. ಆದರೆ ನಿಷ್ಠೆಯ ಪಾಲಕಳಾಗಿರುತ್ತೀಯಾ ಅಂತ ಕೇಳುವ ಪ್ರಶ್ನೆಯಲ್ಲೇ, ಆ ಜನರ ಜೊತೆ, ಜೊತೆ ಸೇವಕರ ಜೊತೆ ಸೇರಿ ದುಡಿಯುತ್ತಾ ಎಂಬ ಮಾತೂ ಇದೆ. ಬದುಕನ್ನು ಕ್ರಿಸ್ತನ ಬೋಧನೆಯಂತೆ ರೂಪಿಸಿಕೊಳ್ಳುವ ಪ್ರಶ್ನೆಯಲ್ಲಿ ಮನೆಯವರನ್ನೂ ಸೇರಿಸಿ ಕೇಳಲು ಜಾಗ ಇದೆ. ಇಷ್ಟು ಸಾಲದು ಅಂತ ಪುಟಗಳನ್ನು ಹಿಂದಕ್ಕೆ ತಿರುವಿದರೆ, ಈ ಪ್ರಶ್ನೆಗಳು ಬರುವುದಕ್ಕೆ ಬಹಳ ಮೊದಲೇ ಬಿಷಪ್ ನೆರೆದ ಜನರ ಕಡೆ ತಿರುಗುತ್ತಾರೆ. ಇವರು ಪಾದ್ರಿಯಾಗುವುದು ನಿಮಗೆ ಒಪ್ಪಿಗೆಯೇ? ಈ ಸೇವೆಯಲ್ಲಿ ಇವರನ್ನು ಎತ್ತಿ ಹಿಡಿಯುತ್ತೀರಾ? ಹಿಡಿಯುತ್ತೇವೆ ಅಂತ ಜನ ಉತ್ತರ ಕೊಡುತ್ತಾರೆ. ಪಾದ್ರಿ ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊತ್ತಿಗೆ ಜನರ ಪ್ರಮಾಣ ಮುಗಿದಿರುತ್ತದೆ.

ಇವರು ಸುಲಭಕ್ಕೆ ಒಪ್ಪುವವರಲ್ಲ. ‘ಅವತ್ತು ಅಲ್ಲಿದ್ದವರು ಬೇರೆ ಜನ, ಈ ಸಭೆಯವರಲ್ಲ’ ಅಂದರು. ಮಾತು ಸರಿಯೇ. ಆಮೇಲೆ ತಾವೇ ಇನ್ನೊಂದು ಪುಟ ತೆಗೆದರು. ಹೊಸ ಪಾದ್ರಿ ಪ್ಯಾರಿಷ್‌ಗೆ ಬಂದಾಗ ನಡೆಸುವ ಆರಾಧನೆ ಅದು. ಬೈಬಲ್, ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಚರ್ಚಿನ ಬೀಗದ ಕೈ, ಒಂದೊಂದನ್ನೂ ತಂದು ಕೈಗೆ ಕೊಡುತ್ತಾರೆ. ಅಲ್ಲಿಯೂ ಬಿಷಪ್ ಜನರನ್ನು ಕೇಳುತ್ತಾರೆ, ಇವರಿಗೆ ಆಸರೆಯಾಗುತ್ತೀರಾ ಅಂತ. ಇವರ ಸಭೆಯವರು ಆಗುತ್ತೇವೆ ಅಂದಿದ್ದರು. ಬೀಗದ ಕೈ ಕೊಟ್ಟ ವಾರ್ಡನ್ ಈಗಲೂ ವಾರ್ಡನ್ನೇ. ‘ಅವರು ಹೇಳಿದ ಮಾತನ್ನು ನಡೆಸಿಕೊಡೋಕೆ ನೀವು ಅವರಿಗೆ ಒಂದು ಅವಕಾಶನಾದರೂ ಕೊಟ್ಟಿದ್ದೀರಾ?’ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದರು.

ಇಲ್ಲಿಂದ ಮುಂದೆ ಕೊಟ್ಟ ಸಲಹೆಗಳು ಬಹಳ ಸರಳ.

ಒಂದು ವಾರ ಮಾಡಿದ ಕೆಲಸವನ್ನೆಲ್ಲ ಗಂಟೆ ಸಮೇತ ಬರೆಯಿರಿ ಅಂದೆ. ಪ್ರಸಂಗದ ತಯಾರಿ, ಆಸ್ಪತ್ರೆ, ಮನೆ ಭೇಟಿ, ವೆಸ್ಟ್ರಿ, ಚರ್ಚಿನ ಬಾಯ್ಲರ್ ರಿಪೇರಿಯವನಿಗೆ ಕಾಯ್ದದ್ದು, ಆರಾಧನೆ ಮುಗಿದ ಮೇಲೆ ಕಾಫಿ ಲೋಟ ತೊಳೆದದ್ದು, ಎಲ್ಲ. ಬರೆದಾಗ ಅರ್ಧ ಹುದ್ದೆಯ ಕೆಲಸ ಪೂರ್ತಿ ಹುದ್ದೆಯನ್ನೂ ದಾಟಿತ್ತು. ಆ ಕಾಗದವನ್ನೂ ಒಪ್ಪಂದಪತ್ರವನ್ನೂ ಪಕ್ಕಪಕ್ಕ ಇಟ್ಟು ವಾರ್ಡನ್‌ಗಳ ಜೊತೆ ಕೂರಿ, ದೂರು ಹೇಳಬೇಡಿ, ಕ್ಷಮೆಯನ್ನೂ ಕೇಳಬೇಡಿ, ಇದರಲ್ಲಿ ಯಾವುದನ್ನು ಯಾರು ಮಾಡೋಣ ಅಂತಷ್ಟೇ ಕೇಳಿ ಅಂದೆ. ಏನು ಹೇಳಬೇಕು ಅಂತ ನನ್ನ ರೂಮಿನಲ್ಲೇ ಬಾಯಿಬಿಟ್ಟು ಅಭ್ಯಾಸ ಮಾಡಿಸಿದೆ. ಮೊದಮೊದಲು ಮೂರನೇ ಮಾತಿಗೇ ‘ಸಾರಿ’ ಬರುತ್ತಿತ್ತು.

ಮನೆಗೆ ಕರ್ತನ ಭೋಜನ ಒಯ್ಯುವುದು ಪಾದ್ರಿಯೇ ಆಗಬೇಕಿಲ್ಲ. ಈ ಚರ್ಚಿನಲ್ಲಿ ತರಬೇತಿ ಪಡೆದ ಸಭೆಯ ಸದಸ್ಯರಿಗೆ ಬಿಷಪ್ ಅನುಮತಿ ಕೊಡಬಹುದು. ಭಾನುವಾರದ ಆರಾಧನೆ ಮುಗಿದ ಕೂಡಲೇ ಅವರು ರೋಗಿಗಳ ಮನೆಗೆ ಒಯ್ಯುತ್ತಾರೆ. ಇದು ನನಗೆ ಅವರೇ ಹೇಳಿ ಗೊತ್ತಾದದ್ದು. ಗೊತ್ತಿದ್ದೂ ಯಾಕೆ ಮಾಡಿಲ್ಲ ಅಂದರೆ, ‘ಅಪ್ಪ ತಾವೇ ಹೋಗ್ತಿದ್ದರು’.

ವಾರಕ್ಕೊಂದು ದಿನ ಮತ್ತು ಎಲ್ಲ ರಾತ್ರಿಗಳಿಗೆ ಫೋನಿನ ವ್ಯವಸ್ಥೆ. ರಜೆಯ ದಿನ ಪಕ್ಕದ ಊರಿನ ಪಾದ್ರಿ ನೋಡಿಕೊಳ್ಳುತ್ತಾರೆ, ಅವರ ರಜೆಯ ದಿನ ಇವರು. ರಾತ್ರಿಯ ತುರ್ತು ಕರೆ ಮೊದಲು ವಾರ್ಡನ್‌ಗೆ ಹೋಗಿ ಆಮೇಲೆ ಇವರಿಗೆ. ಸಾವಿನ ಹೊತ್ತಿಗೆ ಪಾದ್ರಿ ಇರಲೇಬೇಕು ಎಂಬ ಭಯಕ್ಕೂ ಆ ಪುಸ್ತಕದಲ್ಲೇ ಉತ್ತರ ಇತ್ತು. ಕೊನೆಗಾಲದ ಪ್ರಾರ್ಥನೆಯಲ್ಲಿ ಮನೆಯವರು, ಸ್ನೇಹಿತರು ಸೇರುವುದು ಒಳ್ಳೆಯದು ಅಂತ ಅಲ್ಲೇ ಅಚ್ಚಾಗಿದೆ. ಕಾಯಿಲೆ ಜೋರಾಗಿರುವ ಮನೆಗಳಿಗೆ ಆ ಪ್ರಾರ್ಥನೆಯ ಪ್ರತಿ ಮೊದಲೇ ಕೊಟ್ಟು, ಒಮ್ಮೆ ಜೊತೆಯಲ್ಲಿ ಕೂತು ಓದಿಸಿ ಬನ್ನಿ, ನೀವು ತಲುಪುವುದು ತಡವಾದರೂ ಅವರ ಕೈ ಬರಿದಾಗಿರುವುದಿಲ್ಲ ಅಂದೆ. ಇದು ಇವರಿಗೆ ಬಹಳ ಹಿಡಿಸಿತು. ಒಳಗಿನ ನರ್ಸ್ ಎದ್ದು ಕೂತರು.

ಆ ಅಜ್ಜನ ವಿಷಯ ನನ್ನ ಕೈಯಲ್ಲಿ ಪೂರ್ತಿ ಆಗುವುದಲ್ಲ. ಮಗಳ ಹಾಡು ಕೇಳಲು ಹೋದದ್ದು ತಪ್ಪಲ್ಲ ಅಂತ ನಾನು ಎಷ್ಟು ಹೇಳಿದರೂ ಇವರಿಗೆ ಅದು ಪಾಪ. ಪಾಪದ ಬಗ್ಗೆ ತೀರ್ಪು ಕೊಡಲು ನಾನ್ಯಾರು? ನಿಮಗೆ ಪಾಪನಿವೇದನೆ ಕೇಳುವವರು ಯಾರಿದ್ದಾರೆ ಅಂತ ಕೇಳಿದೆ. ಯಾರೂ ಇರಲಿಲ್ಲ. ಇವರು ಬೇರೆಯವರದ್ದು ಕೇಳುತ್ತಾರೆ, ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ, ಗಂಡನಿಗೂ ಹೇಳುವಂತಿಲ್ಲ, ನನಗೂ ಒಂದಕ್ಷರ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತನ್ನದನ್ನು ಹೇಳಿಕೊಳ್ಳಲು ಜಾಗವೇ ಇಲ್ಲದೆ ಬದುಕುವುದು ಹೇಗೆ? ಆ ವಿಧಿಯ ಕೊನೆಯಲ್ಲಿ ಪಾದ್ರಿಯೇ ಬಂದವರಿಗೆ, ಸಮಾಧಾನದಿಂದ ಹೋಗಿ, ಪಾಪಿಯಾದ ನನಗಾಗಿ ಪ್ರಾರ್ಥಿಸಿ ಅನ್ನುತ್ತಾರಂತೆ. ಕೇಳಿ ನನಗೆ ಗಂಟಲು ಕಟ್ಟಿತು. ಹಾಗಾದರೆ ನೀವೂ ಒಬ್ಬರ ಮುಂದೆ ಮಂಡಿಯೂರಿ ಅಂದೆ. ಬೇರೆ ಊರಿನ ಹಿರಿಯ ಪಾದ್ರಿಯೊಬ್ಬರ ಹತ್ತಿರ ಹೋಗಿ ಬಂದರು. ಅಲ್ಲಿ ಏನಾಯಿತು ಅಂತ ನಾನು ಕೇಳಿಲ್ಲ. ಆ ವಾರದಿಂದ ನಿದ್ದೆ ಸ್ವಲ್ಪ ಸುಧಾರಿಸಿತು. ಡಾಕ್ಟರ ಔಷಧಿಯೂ ಅದೇ ಹೊತ್ತಿಗೆ ಹಿಡಿದಿತ್ತು, ಯಾವುದರಿಂದ ಎಷ್ಟು ಅಂತ ನಾನು ಲೆಕ್ಕ ಹಾಕುವುದಿಲ್ಲ.

ಕೆಲಸ ಬಿಡಲಾ ಅಂತ ಕೇಳಿದ್ದರು. ಈಸ್ಟರ್ ಮುಗಿದ ಸುಸ್ತಿನಲ್ಲಿ ಅಂಥ ತೀರ್ಮಾನ ಬೇಡ, ಮೂರು ತಿಂಗಳು ತಡೆಯಿರಿ ಅಂದೆ.

ಎಲ್ಲವೂ ಚೆಂದವಾಗಿ ನಡೆಯಿತು ಅಂತಲ್ಲ. ವಾರ್ಡನ್‌ಗಳು ಕಾಗದ ನೋಡಿ ಗಾಬರಿಯಾದರು, ಒಬ್ಬರು ಅಲ್ಲೇ ಬಾಯ್ಲರ್‌ನ ಜವಾಬ್ದಾರಿ ತೆಗೆದುಕೊಂಡರು. ಮನೆ ಭೇಟಿಗೆ ನಿವೃತ್ತ ಟೀಚರೊಬ್ಬರು ಮುಂದೆ ಬಂದರು. ಆದರೆ ಒಂದು ಮನೆಯವರು, ಪಾದ್ರಿಯಮ್ಮನೇ ಬರದಿದ್ದರೆ ಅದೆಂಥ ಚರ್ಚು ಅಂತ ಬೇರೆ ಕಡೆ ಹೋದರು. ಇವರು ತುಂಬಾ ಅತ್ತರು. ಆ ಮನೆಗೆ ಒಂದು ಪತ್ರ ಬರೆಯಿರಿ, ಕರೆಯಬೇಡಿ, ಒತ್ತಾಯ ಮಾಡಬೇಡಿ, ಚೆನ್ನಾಗಿರಿ ಅಂತ ಮಾತ್ರ ಹೇಳಿ ಅಂದೆ. ಬರೆದರು.

ಗಂಡನನ್ನೂ ಒಮ್ಮೆ ಕರೆಸಿದ್ದೆ. ‘ಇವಳ ದೇವರ ಕೆಲಸಕ್ಕೆ ಅಡ್ಡ ಬರಬಾರದು ಅಂತ ಸುಮ್ನೆ ಇದ್ದೆ’ ಅಂದರು. ಭಾನುವಾರದ ಅಡುಗೆ, ಮಗಳ ಶಾಲೆಯ ಓಡಾಟ ಈಗ ಅವರದು.

ಈಗ ತಿಂಗಳಿಗೊಮ್ಮೆ ಸಿಗುತ್ತೇವೆ. ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಇರುತ್ತದೆ, ಯಾರಾದರೂ ಸಾವಿನಂಚಿನಲ್ಲಿದ್ದರೆ ಮಾತ್ರ ಮಂಚದ ಪಕ್ಕಕ್ಕೆ ಬರುತ್ತದೆ, ಅದಕ್ಕೆ ನನ್ನ ಒಪ್ಪಿಗೆ ಇದೆ. ಒಪ್ಪಂದಪತ್ರ ಮತ್ತೆ ಬರೆಯುವ ಕಾಲ ಹತ್ತಿರ ಬರುತ್ತಿದೆ. ಸಂಬಳ ಹೆಚ್ಚಿಸಿ ಇಲ್ಲವೇ ಕೆಲಸ ಕಡಿಮೆ ಮಾಡಿ ಅಂತ ವೆಸ್ಟ್ರಿಯ ಮುಂದೆ ಬಾಯಿಬಿಟ್ಟು ಕೇಳಬೇಕು. ಮುಂದಿನ ಭೇಟಿಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತೇವೆ.