ಕೋಹೆನ್, ಕೋಗನ್, ಕ್ಯಾಟ್ಸ್: ಮೂವರದೂ ಒಂದೇ ಹೆಸರಾ?

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಅಮೆರಿಕದ ತಂಡದಲ್ಲಿ ಒಬ್ಬರು ಕೋಹೆನ್, ಒಬ್ಬರು ಕೋಗನ್, ಇನ್ನೊಬ್ಬರು ಕ್ಯಾಟ್ಸ್. ಮೂವರೂ ಯಹೂದಿಗಳಂತೆ. 'ನಮ್ಮ ಮೂವರದೂ ಒಂದೇ ಹೆಸರು' ಅಂತ ಅವರೇ ತಮಾಷೆ ಮಾಡ್ತಾರಂತೆ. ಅದು ಹೇಗೆ? ಕೋಹೆನ್ ಅನ್ನೋದು ನಮ್ಮಲ್ಲಿರುವ ಹಾಗೆ ಜಾತಿಯ ಹೆಸರಾ? ಗಾಯಕ ಲೆನಾರ್ಡ್ ಕೋಹೆನ್ ಕೂಡ ಅದೇ ಪೈಕಿಯವರಾ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಅವರು ತಮಾಷೆಗೆ ಹೇಳಿದ್ದು ನಿಜವೇ, ಮೇಡಂ. ಕನ್ನಡ ಬೈಬಲ್ ಓದಿದವರಿಗೆ 'ಯಾಜಕ' ಅನ್ನುವ ಪದ ಗೊತ್ತಿರುತ್ತದೆ. ಹೀಬ್ರೂನಲ್ಲಿ ಅದು 'ಕೊಹೇನ್'. ದೇವಾಲಯದಲ್ಲಿ ಬಲಿ ಅರ್ಪಿಸುವ, ಧೂಪ ಹಾಕುವ ಕೆಲಸದವರು. ಮೋಶೆಯ ಅಣ್ಣ ಆರೋನ ಮೊದಲ ಮಹಾಯಾಜಕ, ಅವನಾದ ಮೇಲೆ ಅವನ ಗಂಡು ಸಂತಾನಕ್ಕೆ ಮಾತ್ರ ಆ ಹಕ್ಕು ಅನ್ನುವುದು ಯಹೂದಿಗಳ ನಂಬಿಕೆ.

ಅಂದರೆ ಮೂಲದಲ್ಲಿ ಇದು ಕೆಲಸದ ಹೆಸರು. ನಮ್ಮಲ್ಲಿ ಶಾನುಭೋಗ, ಪಟೇಲ, ಜೋಯಿಸ ಅಂತ ಇಲ್ವಾ, ಹಾಗೆ. ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾಯಿತು. ಕಡತದ ಮುಖವನ್ನೇ ನೋಡದ ಮೊಮ್ಮಗನಿಗೂ ಆ ಹೆಸರು ಅಂಟಿಕೊಂಡಿದೆ. ಕೊಹೇನರದು ಅದಕ್ಕಿಂತ ತುಂಬಾ ಹಳೆಯ ಕಥೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ಬಲಿಪೀಠದ ಜೊತೆ ಕೆಲಸವೂ ಹೋಯಿತು. 1,950 ವರ್ಷವಾದರೂ ಹೆಸರು ಹೋಗಿಲ್ಲ. ಇಸ್ರೇಲಿನಲ್ಲಿ ಇವತ್ತು ಎಲ್ಲಕ್ಕಿಂತ ಜಾಸ್ತಿ ಜನ ಇಟ್ಟುಕೊಂಡಿರುವ ಮನೆತನದ ಹೆಸರು ಕೋಹೆನ್. ಎರಡನೆಯದು ಲೆವಿ. ಲೆವಿಗಳು ದೇವಾಲಯದಲ್ಲಿ ಯಾಜಕರಿಗೆ ನೆರವಾಗುತ್ತಿದ್ದ ಕುಲದವರು.

ಜಾತಿಯಾ ಅಂತ ಕೇಳಿದ್ದೀರಿ. ಜಾತಿ ಅನ್ನುವುದಕ್ಕಿಂತ ಗೋತ್ರಕ್ಕೆ ಹತ್ತಿರ ಅನ್ನಬಹುದು, ಅದೂ ಪೂರ್ತಿ ಹೊಂದುವುದಿಲ್ಲ. ಬೇರೆ ಯಹೂದಿ ಮನೆಗಳೊಂದಿಗೆ ಹೆಣ್ಣು ಕೊಟ್ಟು ತರಲು ಅಡ್ಡಿಯಿಲ್ಲ. ಆದರೆ ಒಂದು ಸೂಕ್ಷ್ಮವಿದೆ. ಸಂಪ್ರದಾಯದ ಪ್ರಕಾರ ಒಬ್ಬ ಯಹೂದಿಯೋ ಅಲ್ಲವೋ ಅನ್ನುವುದು ತಾಯಿಯಿಂದ ಬರುತ್ತದೆ. ಕೊಹೇನ್ ಹೌದೋ ಅಲ್ಲವೋ ಅನ್ನುವುದು ತಂದೆಯಿಂದ. ತಾಯಿ ಎಷ್ಟೇ ದೊಡ್ಡ ಯಾಜಕ ಮನೆತನದವಳಾದರೂ, ತಂದೆ ಬೇರೆಯವನಾದರೆ ಮಗ ಕೊಹೇನ್ ಅಲ್ಲ.

ಬಲಿ ಇಲ್ಲದಿದ್ದರೂ ಮಡಿ ಮಾತ್ರ ಉಳಿದಿದೆ. ಸಂಪ್ರದಾಯಸ್ಥ ಕೊಹೇನ್ ಸ್ಮಶಾನಕ್ಕೆ ಕಾಲಿಡುವುದಿಲ್ಲ, ಹೆಣವಿರುವ ಮನೆಯೊಳಗೆ ಹೋಗುವುದಿಲ್ಲ. ಅಪ್ಪ, ಅಮ್ಮ, ಹೆಂಡತಿ, ಮಕ್ಕಳಂಥ ತೀರಾ ಹತ್ತಿರದವರು ಸತ್ತರೆ ಮಾತ್ರ ವಿನಾಯಿತಿ. ಜೆರುಸಲೇಮಿನ ಕೆಲವು ಆಸ್ಪತ್ರೆಗಳಲ್ಲಿ ಇವರಿಗಾಗಿಯೇ ಜೋಡಿ ಬಾಗಿಲು ಇಟ್ಟಿದ್ದಾರೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು, ಒಳಗಿನ ಸೂತಕ ಹೊರಗೆ ಹರಿಯದಿರಲಿ ಅಂತ. ಇನ್ನು ಮದುವೆ. ಕೊಹೇನ್ ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ, ಮತಾಂತರವಾಗಿ ಬಂದವಳನ್ನೂ ಆಗುವಂತಿಲ್ಲ. ಇಸ್ರೇಲಿನಲ್ಲಿ ಯಹೂದಿಗಳ ಮದುವೆ ನೋಂದಣಿ ರಬ್ಬಿಗಳ (ಧರ್ಮಗುರುಗಳ) ಕೈಯಲ್ಲಿದೆ. ಹಾಗಾಗಿ ಇಂಥ ಜೋಡಿಗಳು ವಿಮಾನ ಹತ್ತಿ ಪಕ್ಕದ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತವೆ. ಎರಡು ಸಾವಿರ ವರ್ಷದ ಹಿಂದೆ ಹೋದ ಕೆಲಸಕ್ಕೆ ಇವತ್ತಿನ ಹುಡುಗ ಹುಡುಗಿ ಟಿಕೆಟ್ ದುಡ್ಡು ಕಟ್ಟಬೇಕು. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಮರ್ಯಾದೆಯೂ ಉಂಟು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಟೋರಾ (ಅವರ ಧರ್ಮಗ್ರಂಥ) ಓದುವಾಗ ಮೊದಲ ಕರೆ ಕೊಹೇನನಿಗೆ, ಎರಡನೆಯದು ಲೆವಿಗೆ, ಆಮೇಲೆ ಉಳಿದವರಿಗೆ. ಆದರೆ ನೋಡಬೇಕಾದ್ದು ಇವರು ಆಶೀರ್ವಾದ ಮಾಡುವ ಕ್ರಮವನ್ನು. ಮೊದಲು ಬೂಟು ಬಿಚ್ಚಿಡುತ್ತಾರೆ. ಲೆವಿಗಳು ಇವರ ಕೈಗೆ ನೀರು ಹಾಕುತ್ತಾರೆ. ಎದುರಿಗೆ ಹೋಗಿ, ಪ್ರಾರ್ಥನೆಯ ಶಾಲನ್ನು ತಲೆ, ಮುಖ, ಕೈ ಎಲ್ಲಾ ಮುಚ್ಚುವ ಹಾಗೆ ಹೊದ್ದು ನಿಲ್ಲುತ್ತಾರೆ. ಶಾಲಿನೊಳಗೆ ಎರಡೂ ಕೈ ಚಾಚಿ, ಕಿರುಬೆರಳು ಉಂಗುರಬೆರಳು ಒಂದು ಕಡೆ, ಮಧ್ಯದ ಬೆರಳು ತೋರುಬೆರಳು ಇನ್ನೊಂದು ಕಡೆ ಅಗಲಿಸಿ ಹಿಡಿಯುತ್ತಾರೆ. ಆಮೇಲೆ ಅರಣ್ಯಕಾಂಡದ ಮೂರು ಸಾಲಿನ ಆಶೀರ್ವಾದ. (ರಾಮಾಯಣದ್ದಲ್ಲ, ಬೈಬಲಿನದು.) ಆ ಹೊತ್ತಿನಲ್ಲಿ ಅವರನ್ನು ಯಾರೂ ನೋಡಬಾರದು ಅನ್ನುವುದು ಪದ್ಧತಿ. ಚಿಕ್ಕಂದಿನಲ್ಲಿ ಬಾಸ್ಟನ್ನಿನ ಸಿನಗಾಗ್‌ನಲ್ಲಿ ಕದ್ದು ನೋಡಿದ ಹುಡುಗನೊಬ್ಬ ಮುಂದೆ ನಟನಾದ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಪಾಕ್ ಪಾತ್ರಕ್ಕೆ ನಮಸ್ಕಾರವೊಂದು ಬೇಕಾದಾಗ ಅದೇ ಬೆರಳ ಮುದ್ರೆಯನ್ನು ಎತ್ತಿಕೊಂಡ. ಅವರೇ ಲೆನಾರ್ಡ್ ನಿಮಾಯ್. ನಿಮ್ಮ ಮಗನ ಮೊಬೈಲಿನ ಇಮೋಜಿಗಳಲ್ಲೂ ಆ ಕೈ ಇದೆ, ಕೇಳಿ ನೋಡಿ. ಯುರೋಪಿನ ಹಳೆಯ ಯಹೂದಿ ಸ್ಮಶಾನಗಳಲ್ಲಿ ಕೊಹೇನರ ಗೋರಿಕಲ್ಲಿನ ಮೇಲೆ ಇದೇ ಜೋಡಿ ಕೈ ಕೆತ್ತಿರುತ್ತಾರೆ. ಲೆವಿಯದಾದರೆ ನೀರಿನ ಹೂಜಿ.

ಈಗ ಒಂದು ಹೆಸರು ಹತ್ತಾದದ್ದು ಹೇಗೆ ಅನ್ನುವುದಕ್ಕೆ ಬರೋಣ. ಯುರೋಪಿನ ಹೆಚ್ಚಿನ ಯಹೂದಿಗಳಿಗೆ ಮೊದಲು ಮನೆತನದ ಹೆಸರೇ ಇರಲಿಲ್ಲ. 'ಇಂಥವರ ಮಗ ಇಂಥವನು', ಅಷ್ಟೇ. ಯಾಜಕ ಮನೆಯವನಾದರೆ ಕೊನೆಗೆ 'ಹಾ-ಕೊಹೇನ್' ಅಂತ ಸೇರಿಸುತ್ತಿದ್ದರು. 1787ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ಎಲ್ಲ ಯಹೂದಿಗಳೂ ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಆಜ್ಞೆ ಹೊರಡಿಸಿದ. 1804ರಲ್ಲಿ ರಷ್ಯಾ, 1808ರಲ್ಲಿ ನೆಪೋಲಿಯನ್, 1812ರಲ್ಲಿ ಪ್ರಷ್ಯಾ ಅದನ್ನೇ ಮಾಡಿದವು. ಬಾಲದ ಹಾಗಿದ್ದ ಕೊಹೇನ್ ಎಷ್ಟೋ ಜನರಿಗೆ ಮನೆತನದ ಹೆಸರೇ ಆಯಿತು. ಜರ್ಮನ್ ನೆಲದಲ್ಲಿ ಕೋನ್, ಕಾನ್ ಆಯಿತು. ರಷ್ಯನ್ ಭಾಷೆಯಲ್ಲಿ 'ಹ' ಇಲ್ಲ, ಹ್ಯಾಮ್ಲೆಟ್ ಕೂಡ ಅಲ್ಲಿ 'ಗಾಮ್ಲೆಟ್'. ಹಾಗಾಗಿ ಅಲ್ಲಿ ಕೋಗನ್, ಕಾಗನ್, ಕಾಗನೋವಿಚ್. ಪಿಟೀಲು ವಾದಕ ಲಿಯೊನಿಡ್ ಕೋಗನ್, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಲೆನಾ ಕೇಗನ್, ಸ್ಟಾಲಿನ್‌ನ ಬಲಗೈ ಲಾಜರ್ ಕಾಗನೋವಿಚ್ ಎಲ್ಲ ಈ 'ಗ' ಕಾರದವರು. ಪೋಲಿಷ್‌ನಲ್ಲಿ ಪುರೋಹಿತನಿಗೆ 'ಕಪ್ವಾನ್' ಅಂತಾರೆ. ಕೊಹೇನ್ ಅನ್ನುವುದನ್ನು ಹಾಗೆ ಅನುವಾದ ಮಾಡಿಕೊಂಡವರು ಕಪ್ಲಾನ್ ಆದರು.

ಕ್ಯಾಟ್ಸ್ ಇವೆಲ್ಲಕ್ಕಿಂತ ಮಜವಾದದ್ದು. ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. 'ಕೊಹೇನ್ ತ್ಸೆದೆಕ್', ಅಂದರೆ 'ಧರ್ಮದ ಯಾಜಕ'. ಇವೆರಡರ ಮೊದಲ ಅಕ್ಷರ ಮಾತ್ರ ತೆಗೆದು, ನಡುವೆ ಎರಡು ಗೀಟು ಹಾಕಿ ಬರೆದರೆ 'ಕತ್ಸ್'. ನಮ್ಮ ಇನಿಷಿಯಲ್ಲೇ ಹೆಸರಾಗಿಬಿಟ್ಟ ಹಾಗೆ.

ಹೆಸರು ನೋಡಿ ಕುಲ ಹೇಳೋಕೆ ಮಾತ್ರ ಹೋಗಬೇಡಿ. ರಾಪಪೋರ್ಟ್ ಅನ್ನುವ ಹೆಸರಿನಲ್ಲಿ ಕೊಹೇನ್ ಅಂತ ಎಲ್ಲೂ ಇಲ್ಲ, ಆದರೆ ಅದು ಹಳೆಯ ಯಾಜಕ ಮನೆತನ. ಇನ್ನೊಂದು ಕಡೆ ಹೆಸರಿದ್ದೂ ಮನೆತನವಿಲ್ಲದವರೂ ಇದ್ದಾರೆ.

ವಿಜ್ಞಾನ ಏನು ಹೇಳುತ್ತದೆ? ಕಿಡ್ನಿ ತಜ್ಞ ಕಾರ್ಲ್ ಸ್ಕೊರೆಕಿ ಸ್ವತಃ ಕೊಹೇನ್. ಒಂದು ದಿನ ಸಿನಗಾಗ್‌ನಲ್ಲಿ ಉತ್ತರ ಆಫ್ರಿಕಾ ಮೂಲದ ಕೊಹೇನ್ ಒಬ್ಬರನ್ನು ನೋಡಿದರು. ಬಣ್ಣ, ಮುಖ ಯಾವುದೂ ತಮ್ಮ ಹಾಗಿಲ್ಲ. ಇಬ್ಬರೂ ಒಬ್ಬನೇ ಅಜ್ಜನ ಗಂಡು ಸಂತಾನವಾದರೆ ತಂದೆಯಿಂದ ಮಗನಿಗಷ್ಟೇ ಹೋಗುವ ವೈ ಕ್ರೋಮೋಸೋಮ್ ಒಂದೇ ಥರ ಇರಬೇಕಲ್ಲ ಅಂತ ತಲೆಗೆ ಹುಳ ಬಿಟ್ಟುಕೊಂಡರು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ದೂರ ದೂರದ ಕೊಹೇನರಲ್ಲಿ ಉಳಿದ ಯಹೂದಿಗಳಿಗಿಂತ ಹೆಚ್ಚು ಹೋಲಿಕೆ ಸಿಕ್ಕಿತ್ತು. 2009ರ ದೊಡ್ಡ ಅಧ್ಯಯನದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೊಹೇನರು ಒಂದೇ ಗುಂಪಿಗೆ ಸೇರಿದರು. ಉಳಿದವರ ಮೂಲಪುರುಷರು ಬೇರೆ ಬೇರೆ. ಆರೋನನೇ ಆ ಅಜ್ಜ ಅಂತ ಯಾವ ಲ್ಯಾಬೂ ಹೇಳಲಾರದು.

ಹೆಸರಾಂತರನ್ನು ಪಟ್ಟಿ ಮಾಡಿದರೆ ಪುಟ ಸಾಲದು. ನನಗೆ ಇಷ್ಟವಾದವರನ್ನಷ್ಟೇ ಹೇಳುತ್ತೇನೆ. 1997ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕ್ಲೋಡ್ ಕೋಹೆನ್-ತನ್ನೂಜಿ ಅಲ್ಜೀರಿಯಾದಲ್ಲಿ ಹುಟ್ಟಿದವರು. ಅವರೇ ಹೇಳಿದ ಪ್ರಕಾರ ಆ ಉದ್ದ ಹೆಸರಿನ ಅರ್ಥ 'ಟ್ಯಾಂಜಿಯರ್ ಊರಿನ ಕೋಹೆನರು', ಅಷ್ಟೇ. ಮರುವರ್ಷ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ವಾಲ್ಟರ್ ಕೋನ್ ಒಬ್ಬರು. ವಿಯೆನ್ನಾದಲ್ಲಿ ಹುಟ್ಟಿ, 1939ರಲ್ಲಿ ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸಿದ ವ್ಯವಸ್ಥೆಯಲ್ಲಿ ಪಾರಾದ ಹುಡುಗ. ಅಪ್ಪ ಅಮ್ಮ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ನಲ್ಲಿ ಸತ್ತರು. 1986ರ ವೈದ್ಯಕೀಯ ನೊಬೆಲ್ ಇಬ್ಬರಿಗೆ ಬಂತು. ಒಬ್ಬರು ಸ್ಟ್ಯಾನ್ಲಿ ಕೋಹೆನ್, ಇನ್ನೊಬ್ಬರು ರೀಟಾ ಲೆವಿ-ಮೊಂತಾಲ್ಚಿನಿ. ಮೊದಲು ಕೋಹೆನ್, ಆಮೇಲೆ ಲೆವಿ, ಥೇಟ್ ಸಿನಗಾಗ್ ಕ್ರಮ!

ಹೌದು, ಲೆನಾರ್ಡ್ ಕೋಹೆನ್ ಕೂಡ ಇದೇ ಪೈಕಿ. 1934ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದರು. ತಾತ ಲಯನ್ ಕೋಹೆನ್ ಕೆನಡಾದ ಯಹೂದಿ ಸಮಾಜದ ದೊಡ್ಡ ಮುಖಂಡರು. ಲೆನಾರ್ಡ್ ವರ್ಷಗಟ್ಟಲೆ ಝೆನ್ ಬೌದ್ಧ ಮಠದಲ್ಲಿದ್ದರು, ಮುಂಬೈಗೆ ಬಂದು ಅದ್ವೈತದ ಗುರು ರಮೇಶ್ ಬಾಲ್ಸೇಕರ್ ಅವರ ಮಾತು ಕೇಳುತ್ತಾ ಕೂತರು. ಆದರೆ 2009ರ ಸೆಪ್ಟೆಂಬರಿನಲ್ಲಿ ಟೆಲ್ ಅವೀವ್ ಪಕ್ಕದ ರಮತ್ ಗಾನ್ ಕ್ರೀಡಾಂಗಣದಲ್ಲಿ ಕಛೇರಿ ಮುಗಿಸುವಾಗ, ಬೆರಳು ಅಗಲಿಸಿ ಎರಡೂ ಕೈ ಎತ್ತಿ, ಹೀಬ್ರೂನಲ್ಲಿ ಅದೇ ಮೂರು ಸಾಲಿನ ಆಶೀರ್ವಾದ ಹೇಳಿದರು.

ಪ್ರಶ್ನೆ: ಭಾರತದ ಯಹೂದಿಗಳಲ್ಲೂ ಕೋಹೆನ್ ಇದ್ದಾರಾ?
— ಒಬ್ಬ ಓದುಗರು, ಕಾರವಾರ

ಉತ್ತರ: ಕೊಚ್ಚಿಯಲ್ಲಿದ್ದರು. ಮಟ್ಟಾಂಚೇರಿಯ ಯಹೂದಿ ಬೀದಿಯಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಸಾರಾ ಕೋಹೆನ್ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳದು ಬೇರೆ ದಾರಿ. ಅವರು ಊರಿಗೆ 'ಕರ್' ಸೇರಿಸಿಕೊಂಡರು. ರೋಹಾದವರು ರೋಹೇಕರ್, ಪೇಣ್‌ನವರು ಪೇಣ್ಕರ್. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಅಹಮದಾಬಾದಿನ ಐಐಎಂ ಕಟ್ಟಡ ಕಟ್ಟಿದ ಲೂಯಿ ಖಾನ್ ಮುಸ್ಲಿಮರಾ, ಯಹೂದಿಯಾ?
— ವಾಸ್ತುಶಿಲ್ಪ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಯಹೂದಿ. ಅವರ ಹೆಸರು ಕಾನ್, ಮೇಲೆ ಹೇಳಿದ ಕೊಹೇನ್‌ನ ಜರ್ಮನ್ ರೂಪ. ಖಾನ್ ಅನ್ನುವುದು ಮಧ್ಯ ಏಷ್ಯಾದ ತುರ್ಕಿ, ಮಂಗೋಲ್ ಒಡೆಯರ ಬಿರುದು, ಅದೇ ಬೇರೆ. ತಮಾಷೆ ಏನಂದರೆ ಇವರ ಮನೆಯ ಹೆಸರು ಮೊದಲಿಗೆ ಕಾನ್ ಕೂಡ ಅಲ್ಲ, ಶ್ಮುಯಿಲೋವ್ಸ್ಕಿ. ಎಸ್ಟೋನಿಯಾದಿಂದ ಅಮೆರಿಕಕ್ಕೆ ಹೋದ ಮೇಲೆ ಅಪ್ಪ ಬದಲಿಸಿಕೊಂಡರು. 1974ರ ಮಾರ್ಚಿನಲ್ಲಿ ಅಹಮದಾಬಾದಿನಿಂದ ವಾಪಸ್ ಹೋಗುವಾಗ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕುಸಿದು ತೀರಿಕೊಂಡರು. ಪಾಸ್‌ಪೋರ್ಟಿನಲ್ಲಿ ವಿಳಾಸ ಹೊಡೆದುಹಾಕಿತ್ತು, ಹಾಗಾಗಿ ಮನೆಯವರಿಗೆ ಸುದ್ದಿ ಮುಟ್ಟಲು ದಿನಗಳೇ ಹಿಡಿದವು. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ 'ಕಾನ್' ಅಂತ ಅಲ್ಪಪ್ರಾಣದಲ್ಲೇ ಬರೆಯಿರಿ.