ತಿಂಗಳಿಡೀ ಒಂದೇ ಅಳತೆ ಏಕಿರಬೇಕು?

ಪ್ರಿಯ ಸೋದರಿ,

ನಿಮ್ಮ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂಬ ಕೋರಿಕೆಯಂತೆ, ಅದರ ಮುಖ್ಯ ಮಾತುಗಳನ್ನಷ್ಟೇ ಇತರ ಓದುಗರಿಗಾಗಿ ಇಲ್ಲಿ ಹೇಳುತ್ತೇನೆ. ಮುಟ್ಟು ಮುಗಿದ ವಾರದಲ್ಲಿ ಮೈಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿರುವ ಒಳಚಡ್ಡಿಯೇ ಮುಂದಿನ ಮುಟ್ಟು ಹತ್ತಿರವಾದಂತೆ ಸೊಂಟವನ್ನು ಕಚ್ಚಿ ಹಿಡಿಯುತ್ತದೆ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಪಕ್ಕಕ್ಕೆ ಸರಿದು ತೊಡೆಸಂದು ಕೆಂಪಾಗುತ್ತದೆ, ನಡುವಿನ ಕೆಲವು ದಿನ ಸದಾ ಒದ್ದೆಯಾಗಿರುವಂತೆ ಅನಿಸುತ್ತದೆ, ಕಪ್ಪು ಬಣ್ಣದ ಒಳಚಡ್ಡಿಗಳ ಮಧ್ಯದಲ್ಲಿ ಬಣ್ಣ ಹೋಗಿ ತಿಳಿಯಾದ ಕಲೆಗಳಾಗಿವೆ ಎಂದು ಬರೆದಿದ್ದೀರಿ. ಕೊನೆಯಲ್ಲಿ, ‘ಎಲ್ಲ ದಿನಕ್ಕೂ ಹೊಂದುವ ಒಂದು ಬಗೆಯನ್ನು ತಿಳಿಸಿ, ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆದದ್ದಕ್ಕೆ ಕ್ಷಮಿಸಿ’ ಎಂದಿದ್ದೀರಿ.

ಇದು ಸಣ್ಣ ವಿಷಯವಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮೈಯ ಅತಿ ಮೃದುವಾದ ಭಾಗಕ್ಕೆ ತಾಗಿಕೊಂಡಿರುವ ಬಟ್ಟೆಯ ಬಗ್ಗೆ ಯೋಚಿಸುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಆದರೆ ನೀವು ಕೇಳಿದ ‘ಎಲ್ಲ ದಿನಕ್ಕೂ ಹೊಂದುವ ಒಂದು ಬಗೆ’ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಹುಡುಕುತ್ತಿರುವುದರಿಂದಲೇ ನಿಮಗೆ ಇಷ್ಟು ತೊಂದರೆಯಾಗಿದೆ ಎಂಬುದು ನನ್ನ ಅಭಿಪ್ರಾಯ. ತಿಂಗಳಲ್ಲಿ ನಿಮ್ಮ ಹೊಟ್ಟೆಯ ಸುತ್ತಳತೆ, ಮೈಯ ಬಿಸಿ, ಸ್ರಾವದ ಪ್ರಮಾಣ ಎಲ್ಲವೂ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಒಳಚಡ್ಡಿಯ ಪಟ್ಟಿಯ ಮೇಲೆ ಅಚ್ಚಾದ ಅಳತೆಯೊಂದೇ.

ವಯಸ್ಕ ಹೆಂಗಸರಲ್ಲಿ ಒಂದು ಮುಟ್ಟು ಶುರುವಾದ ದಿನದಿಂದ ಇನ್ನೊಂದು ಶುರುವಾಗುವ ದಿನಕ್ಕೆ 21ರಿಂದ 35 ದಿನಗಳ ಅಂತರವಿರುವುದು ಸಹಜ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡೋತ್ಪತ್ತಿ, ಅಂದರೆ ಅಂಡಾಶಯದಿಂದ ಅಂಡ ಹೊರಬರುವುದು, ಆಗುತ್ತದೆ. ಆಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ಹೆಚ್ಚುತ್ತದೆ. ಅದರಿಂದ ಮೈಯ ಉಷ್ಣತೆ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ, ಕರುಳಿನ ಚಲನೆ ನಿಧಾನವಾಗಿ ಹೊಟ್ಟೆ ಉಬ್ಬರಿಸುತ್ತದೆ, ಹಲವರಿಗೆ ಮೈಯಲ್ಲಿ ನೀರು ನಿಂತು ಕಿಬ್ಬೊಟ್ಟೆ ಭಾರವೆನಿಸುತ್ತದೆ. ನೀವು ದಪ್ಪಗಾದಿರೆಂದಾಗಲಿ, ನಿಮ್ಮದು ಅತಿ ಸೂಕ್ಷ್ಮ ಸ್ವಭಾವವೆಂದಾಗಲಿ ಭಾವಿಸಬೇಡಿ. ಆ ವಾರದ ಹೊಟ್ಟೆಗೆ ಆ ಇಲಾಸ್ಟಿಕ್ ನಿಜವಾಗಿಯೂ ಚಿಕ್ಕದು.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಸಂಜೆ ಬಟ್ಟೆ ಬದಲಿಸುವಾಗ ಸೊಂಟದ ಮೇಲೆ, ತೊಡೆಸಂದಿನಲ್ಲಿ ಇಲಾಸ್ಟಿಕ್ ಬಿಟ್ಟ ಗುರುತನ್ನು ನೋಡಿಕೊಳ್ಳಿ. ಕೈಯಾಡಿಸಿದರೆ ಸಿಗದಂಥ, ಕೆಲವೇ ನಿಮಿಷಗಳಲ್ಲಿ ಮಾಯವಾಗುವ ತಿಳಿ ಗೆರೆಯಾದರೆ ಚಿಂತೆಯಿಲ್ಲ. ಬೆರಳ ತುದಿಗೆ ಹಳ್ಳದಂತೆ ಸಿಗುವ, ಹೊಲಿಗೆಯ ಒಂದೊಂದು ಗಂಟೂ ಎಣಿಸಲು ಸಿಗುವಷ್ಟು ಸ್ಪಷ್ಟವಾಗಿ ಮೂಡಿದ, ಎಷ್ಟು ಹೊತ್ತಾದರೂ ಉಳಿದು ತುರಿಸುವ ಗುರುತಾದರೆ ಅದು ಬಿಗಿ. ನಾನು ಇದನ್ನು ಎರಡು ತಿಂಗಳು ಗಮನಿಸಿ ನೋಡಿದೆ: ಒಂದೇ ಒಳಚಡ್ಡಿ, ಒಂದೇ ಜಾಗ, ಮುಟ್ಟು ಶುರುವಾದಾಗಿನಿಂದ ಎಣಿಸಿದರೆ ಹತ್ತನೆಯ ದಿನ ಗೆರೆಯೇ ಇರಲಿಲ್ಲ; ಇಪ್ಪತ್ತೈದನೆಯ ದಿನ ಹೊಕ್ಕಳಿನ ಕೆಳಗೆ ಹಗ್ಗ ಬಿಗಿದಂತಹ ಕೆಂಪು ಅಚ್ಚು ಮೂಡಿತ್ತು.

ಆದ್ದರಿಂದ ಮುಟ್ಟಿಗೆ ಮುಂಚಿನ ವಾರಕ್ಕೆಂದು ಒಂದು ಅಳತೆ ದೊಡ್ಡದಾದ ಮೂರು ನಾಲ್ಕು ಒಳಚಡ್ಡಿಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಇಲಾಸ್ಟಿಕ್ ಎಲ್ಲಿ ಕೂರುತ್ತದೆ ಎಂಬುದು ಅಳತೆಯಷ್ಟೇ ಮುಖ್ಯ. ಉಬ್ಬಿದ ಹೊಟ್ಟೆಯ ನಟ್ಟನಡುವೆ ಸಣ್ಣ ಇಲಾಸ್ಟಿಕ್ ಬಂದರೆ ಯಾವ ಅಳತೆಯದಾದರೂ ಕಚ್ಚುತ್ತದೆ. ಅದು ಹೊಟ್ಟೆಯ ಉಬ್ಬಿಗಿಂತ ಕೆಳಗೆ ಇಳಿದು ಕೂರಬೇಕು, ಇಲ್ಲವೇ ಹೊಕ್ಕಳನ್ನು ದಾಟಿ ಮೇಲೆ ಹೋಗಬೇಕು. ಮೇಲಕ್ಕೆ ಬರುವುದಾದರೆ ಎರಡು ಮೂರು ಬೆರಳಷ್ಟು ಅಗಲವಾದ, ಮೆತ್ತನೆಯ ಪಟ್ಟಿ ಇರುವುದನ್ನು ಆರಿಸಿ, ಏಕೆಂದರೆ ಒತ್ತಡ ಅಗಲವಾಗಿ ಹರಡಿದಷ್ಟೂ ಅದರ ಅರಿವು ಕಡಿಮೆ. ಅಳತೆ ತೆಗೆಯುವಾಗ ಸೊಂಟಕ್ಕಿಂತ ನಿತಂಬದ ಅತಿ ಅಗಲವಾದ ಜಾಗದ ಸುತ್ತಳತೆ ಮುಖ್ಯ, ಮತ್ತು ಅದನ್ನು ನಿಂತು ಒಮ್ಮೆ, ಕುಳಿತು ಒಮ್ಮೆ ತೆಗೆಯಿರಿ. ದಿನದ ಬಹುಪಾಲು ಕುಳಿತು ಕೆಲಸ ಮಾಡುವವರು ನಿಂತ ಅಳತೆಗೆ ಕೊಂಡರೆ ಮೋಸಹೋಗುತ್ತಾರೆ.

ನಡುವಿನ ದಿನಗಳ ಒದ್ದೆತನಕ್ಕೆ ಬರೋಣ. ಅಂಡೋತ್ಪತ್ತಿ ಹತ್ತಿರವಾದಂತೆ ಈಸ್ಟ್ರೋಜೆನ್ ಹಾರ್ಮೋನು ಹೆಚ್ಚಿ, ಸ್ರಾವ ತೆಳ್ಳಗೆ, ಪಾರದರ್ಶಕವಾಗಿ, ಲೋಳೆಸರದ ತಿರುಳಿನಂತೆ ಜಾರುವಂತಾಗುತ್ತದೆ. ಬೆರಳುಗಳ ನಡುವೆ ಎಳೆದರೆ ದಾರದಂತೆ ಬರುತ್ತದೆ. ಇದು ಆರೋಗ್ಯದ ಲಕ್ಷಣ. ಆಮೇಲೆ ಅದೇ ಸ್ರಾವ ದಪ್ಪಗಾಗಿ ಕಡಿಮೆಯಾಗುತ್ತದೆ. ಕಪ್ಪು ಬಟ್ಟೆಯ ಮೇಲಿನ ತಿಳಿಯಾದ ಕಲೆಗೂ ಉತ್ತರ ಇಲ್ಲೇ ಇದೆ. ಯೋನಿಯೊಳಗಿನ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ ಅಲ್ಲಿನ ಪಿಎಚ್ ಅನ್ನು (ಆಮ್ಲತೆಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲತೆ ಹೆಚ್ಚು) ಸುಮಾರು 3.8ರಿಂದ 4.5ರ ನಡುವೆ ಹಿಡಿದಿಡುತ್ತವೆ. ಆ ಆಮ್ಲತೆಯೇ ಸೋಂಕಿನಿಂದ ಕಾಪಾಡುತ್ತದೆ, ಅದೇ ಬಟ್ಟೆಯ ಬಣ್ಣವನ್ನೂ ತೆಗೆಯುತ್ತದೆ. ಎಷ್ಟೋ ಹೆಣ್ಣುಮಕ್ಕಳು ಈ ಕಲೆಯನ್ನು ಕಂಡು ತಮಗೇನೋ ಕಾಯಿಲೆಯಿದೆಯೆಂದು ವರ್ಷಗಟ್ಟಲೆ ಹೆದರಿಕೊಂಡಿರುತ್ತಾರೆ. ದಯವಿಟ್ಟು ಇದನ್ನು ನಿಮಗೆ ಗೊತ್ತಿರುವ ಕಿರಿಯರಿಗೆ ಹೇಳಿ. ಈ ದಿನಗಳಿಗೆ ಹತ್ತಿಯ ಒಳಚಡ್ಡಿ ಸಾಕು. ಒದ್ದೆಯೆನಿಸಿದರೆ ಮಧ್ಯಾಹ್ನ ಒಮ್ಮೆ ಬದಲಿಸುವುದು, ದಿನವಿಡೀ ತೆಳು ಪ್ಯಾಡ್ ಇಟ್ಟುಕೊಳ್ಳುವುದಕ್ಕಿಂತ ಚರ್ಮಕ್ಕೆ ಹಿತ.

ಇನ್ನು ಮುಟ್ಟಿನ ದಿನಗಳು. ಇಲ್ಲಿ ಎರಡು ಅಗತ್ಯಗಳು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ: ನೋಯುವ ಕಿಬ್ಬೊಟ್ಟೆ ಸಡಿಲವನ್ನು ಬೇಡುತ್ತದೆ, ಪ್ಯಾಡ್ ಮಾತ್ರ ಮೈಗೆ ಒತ್ತಿಕೊಂಡಿರುವ ಬಟ್ಟೆಯನ್ನು ಬೇಡುತ್ತದೆ. ಸಡಿಲವಾದ ಒಳಚಡ್ಡಿಯಲ್ಲಿ ಪ್ಯಾಡ್‌ಗೂ ಮೈಗೂ ನಡುವೆ ಜಾಗವಾಗಿ, ರಕ್ತ ಅದರ ಮೇಲೆ ಬೀಳುವ ಬದಲು ಪಕ್ಕದಿಂದ ಹರಿಯುತ್ತದೆ. ಹಾಗಾಗಿ ಸೊಂಟದಲ್ಲಿ ಮೆತ್ತಗಿದ್ದು, ಕಾಲಿನ ಸುತ್ತ ಮತ್ತು ನಡುವೆ ಮಾತ್ರ ಒಪ್ಪವಾಗಿ ಕೂರುವ ಹೊಲಿಗೆಯದನ್ನು ಹುಡುಕಬೇಕು. ಕಾಲುಗಳ ನಡುವೆ ಬರುವ ಎರಡು ಪದರದ ಪಟ್ಟಿಯ ಅಗಲವನ್ನು ಗಮನಿಸಿ. ಅದನ್ನು ಮೇಜಿನ ಮೇಲೆ ಹರಡಿ ಪ್ಯಾಡ್ ಇಟ್ಟು ನೋಡಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ: ಪಟ್ಟಿ ಅಗಲವಾದರೆ ಪ್ಯಾಡಿನ ರೆಕ್ಕೆಗಳು ಕೆಳಗೆ ಮಡಿಚಿ ಅಂಟಲು ಸಾಲುವುದಿಲ್ಲ, ಕಿರಿದಾದರೆ ಪ್ಯಾಡಿನ ಅಂಚು ಹೊರಗೆ ಚಾಚಿ, ನಡೆಯುವಾಗ ಗರಗಸದಂತೆ ತೊಡೆಯನ್ನು ಉಜ್ಜುತ್ತದೆ. ನಿಮ್ಮ ತೊಡೆಸಂದು ಕೆಂಪಾಗುವುದಕ್ಕೆ ಇದೇ ಕಾರಣವಿರಬಹುದು. ಲೇಸ್ ಅಂಚು, ತೀರಾ ಜಾರುವ ಬಟ್ಟೆ, ತೊಡೆಯವರೆಗೆ ಇಳಿಬಿದ್ದ ಸಡಿಲ ಕಾಲುಗಳು, ಈ ಮೂರೂ ಪ್ಯಾಡ್‌ಗೆ ಹೊಂದುವುದಿಲ್ಲ. ರಾತ್ರಿಗೆ ಹಿಂಭಾಗ ಪೂರ್ತಿ ಮುಚ್ಚುವಂಥದ್ದು ಬೇಕು. ಯೋನಿಯೊಳಗೇ ಇಟ್ಟು ರಕ್ತವನ್ನು ಹಿಡಿಯುವ ಮುಟ್ಟಿನ ಕಪ್ ಬಳಸುವವರಿಗೆ ಈ ಲೆಕ್ಕಾಚಾರ ಅಷ್ಟಾಗಿ ಬೇಕಿಲ್ಲ.

ಸರಿಯಾದ ಒಳಚಡ್ಡಿಯಿದ್ದರೂ ಒಂದೇ ಪ್ಯಾಡನ್ನು ದಿನವಿಡೀ ಇಟ್ಟುಕೊಂಡರೆ ಚರ್ಮ ಬೆಂದಂತಾಗುವುದು ತಪ್ಪದು. ರಕ್ತ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ.

ಮುಟ್ಟಿಗೆಂದೇ ತಯಾರಾದ, ಹೀರಿಕೊಳ್ಳುವ ಒಳಉಡುಪುಗಳ ಬಗ್ಗೆಯೂ ಕೇಳಿದ್ದೀರಿ. ಅವುಗಳಲ್ಲಿ ಸಾಮಾನ್ಯವಾಗಿ ತೇವವನ್ನು ಕೆಳಕ್ಕೆ ಎಳೆಯುವ ಮೇಲಿನ ಪದರ, ಹೀರಿ ಹಿಡಿದುಕೊಳ್ಳುವ ನಡುವಿನ ಪದರ, ಸೋರದಂತೆ ತಡೆಯುವ ಕೆಳಗಿನ ಪದರ ಇರುತ್ತವೆ. ಸರಿಯುವಂಥದ್ದೇನೂ ಇಲ್ಲದ್ದರಿಂದ ಉಜ್ಜುವ ತೊಂದರೆ ಕಡಿಮೆ. ಸ್ರಾವ ಕಡಿಮೆಯಿರುವ ಮೊದಲ ಮತ್ತು ಕೊನೆಯ ದಿನಗಳಿಗೆ, ರಾತ್ರಿಗೆ, ಕಪ್ ಜೊತೆಗಿನ ರಕ್ಷಣೆಗೆ ನಾನು ಅವನ್ನು ಒಪ್ಪುತ್ತೇನೆ. ಹೆಚ್ಚು ಸ್ರಾವದ ದಿನ ಹೊರಗೆ ಓಡಾಡುವವರು ಅದೊಂದನ್ನೇ ನಂಬಬಾರದು. ಇಂಥ ಕೆಲವು ಉತ್ಪನ್ನಗಳಲ್ಲಿ ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಸುಲಭವಾಗಿ ನಾಶವಾಗದ ರಾಸಾಯನಿಕಗಳು ಪರೀಕ್ಷೆಗಳಲ್ಲಿ ಕಂಡುಬಂದಿರುವುದರಿಂದ, ಅವನ್ನು ಬಳಸಿಲ್ಲವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತಿ ತೇವವನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ. ಪಾಲಿಯೆಸ್ಟರ್ ಹೀರುವುದು ತೀರಾ ಕಡಿಮೆ. ಆದರೆ ಹತ್ತಿ ಒಮ್ಮೆ ನೆನೆದರೆ ಬೇಗ ಒಣಗದು, ಆದ್ದರಿಂದ ಬೆವರು ಸುರಿಯುವಂತೆ ವ್ಯಾಯಾಮ ಮಾಡಿದ ಮೇಲೆ ಕೂಡಲೇ ಬದಲಿಸಬೇಕು. ಹೊರಗಿನ ಬಟ್ಟೆ ನೈಲಾನ್ ಆಗಿದ್ದರೂ ನಡುವಿನ ಪಟ್ಟಿಯ ಒಳಪದರ ಹತ್ತಿಯದಾಗಿರಲಿ. ಕೆಲವರಿಗೆ ಗಾಢ ಬಣ್ಣ ಹಾಕಿದ ಪಾಲಿಯೆಸ್ಟರ್‌ನಿಂದ, ಇನ್ನು ಕೆಲವರಿಗೆ ಇಲಾಸ್ಟಿಕ್‌ನ ರಬ್ಬರಿನಲ್ಲಿರುವ ರಾಸಾಯನಿಕಗಳಿಂದ ಅಲರ್ಜಿಯಾಗುತ್ತದೆ. ಕೆಂಪು ಕಲೆಗಳು ಇಲಾಸ್ಟಿಕ್‌ನ ದಾರಿಯನ್ನೇ ಹಿಡಿದು ಮೂಡಿದ್ದರೆ ಈ ಅನುಮಾನ ಪಡಬಹುದು; ಬಟ್ಟೆಯಿಂದ ಪೂರ್ತಿ ಮುಚ್ಚಿದ ಇಲಾಸ್ಟಿಕ್ ಇರುವುದನ್ನು ಒಂದು ತಿಂಗಳು ತೊಟ್ಟು ನೋಡಿ.

ರಕ್ತದ ಕಲೆಯಾದ ಬಟ್ಟೆಯನ್ನು ತಣ್ಣೀರಿನಲ್ಲೇ ಮೊದಲು ತೊಳೆಯಿರಿ, ಬಿಸಿನೀರು ರಕ್ತದ ಪ್ರೋಟೀನನ್ನು ಬಟ್ಟೆಗೆ ಅಂಟಿಸಿಬಿಡುತ್ತದೆ. ಬ್ಲೀಚಿಂಗ್ ಪುಡಿ ಇಲಾಸ್ಟಿಕ್ಕನ್ನು ಹಾಳುಮಾಡುತ್ತದೆ. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹೀರುವ ಗುಣವನ್ನು ಕುಂದಿಸುತ್ತದೆ. ಸುವಾಸನೆಯ ಸೋಪಿನ ಪುಡಿ ಬಿಟ್ಟು, ಸೋಪಿನಂಶ ಹೋಗುವವರೆಗೆ ಜಾಲಿಸಿ, ಗಾಳಿ ಬೆಳಕಿನಲ್ಲಿ ಪೂರ್ತಿ ಒಣಗಿಸಿ. ಮಲಗುವಾಗ, ಸ್ರಾವವಿಲ್ಲದ ದಿನಗಳಲ್ಲಿ, ಒಳಉಡುಪು ತೊಡದೆ ಇರುವುದರಲ್ಲಿ ತಪ್ಪೇನೂ ಇಲ್ಲ.

ಒಳಚಡ್ಡಿ ಬದಲಿಸಿದರೂ ಹೋಗದ ತುರಿಕೆ, ಮೊಸರು ಒಡೆದಂತೆ ಗಟ್ಟಿಯಾದ ಇಲ್ಲವೇ ಹಸಿರು ಬಣ್ಣದ ಸ್ರಾವ, ಕೆಟ್ಟ ವಾಸನೆ, ಮೂತ್ರ ಮಾಡುವಾಗ ಉರಿ, ಇವು ಬಟ್ಟೆಯ ದೋಷವಲ್ಲ, ವೈದ್ಯರಿಗೆ ತೋರಿಸಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್ ರಕ್ತ. 80 ಮೀರಿದರೆ ಹೆಚ್ಚೆಂದು ಲೆಕ್ಕ. ಪ್ಯಾಡ್ ಬಳಸುವವರಿಗೆ ಇದನ್ನು ಅಳೆಯುವುದು ಸುಲಭವಲ್ಲದ ಕಾರಣ, ಗಂಟೆಗೊಂದರಂತೆ ಹಲವು ಗಂಟೆ ಪ್ಯಾಡ್ ತೊಯ್ದುಹೋಗುವುದು, ಏಳು ದಿನ ದಾಟಿಯೂ ನಿಲ್ಲದಿರುವುದು ಇವನ್ನೇ ಗುರುತಾಗಿ ಇಟ್ಟುಕೊಳ್ಳಬೇಕು. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ‘ಎರಡನೆಯ ದಿನ ಎರಡು ಪ್ಯಾಡ್ ಒಟ್ಟಿಗೆ ಇಟ್ಟರೂ ಸಾಲದು’ ಎಂಬ ಒಂದು ಸಾಲು, ಮುಖ್ಯವಲ್ಲವೆಂಬಂತೆ, ಬಂದುಹೋಗಿದೆ. ನನಗೆ ಇಡೀ ಪತ್ರದಲ್ಲಿ ಅತಿ ಮುಖ್ಯವೆನಿಸಿದ್ದು ಆ ಸಾಲು. ಹೊಸ ಒಳಚಡ್ಡಿಗಳನ್ನು ಕೊಳ್ಳುವ ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಅದೊಂದನ್ನು ಹೇಳಿ, ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಅವರು ಏನೆಂದರು ಎಂಬುದನ್ನು ನಮಗೂ ಬರೆದು ತಿಳಿಸಿ.

– ಸಂಪಾದಕಿ